ಸಿಂಹದ ಮೊಣಕಾಲು

ಫಾಂಗ್ ಮೌಲಿನ್‌ಗೆ ಓದಲು ಬಾರದ ಅಕ್ಷರಗಳು ಈ ಲೋಕದಲ್ಲಿ ಬೇಕಾದಷ್ಟಿದ್ದವು. ಅದನ್ನು ಷಡ್ಡಕನ ಎದುರು ಒಪ್ಪಿಕೊಳ್ಳುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ.

ಮೂವತ್ತೊಂದು ವರ್ಷ ಅವನು ವುಹಾನ್ ನಗರದ ಹಾಂಕೌ ದಡಕ್ಕೂ ವುಚಾಂಗ್ ದಡಕ್ಕೂ ನಡುವೆ ಓಡಾಡುವ ಲಾಂಚಿನಲ್ಲಿ ಟಿಕೆಟ್ ಹರಿದವನು. "ಲಾಂಚು ದಡ ಮುಟ್ಟುವವರೆಗೆ ಯಾರೂ ಏಳಬಾರದು, ಸೈಕಲ್ಲಿನವರು ಹಿಂದೆ ನಿಲ್ಲತಕ್ಕದ್ದು" ಎಂದು ಧ್ವನಿವರ್ಧಕದಲ್ಲಿ ಹೇಳುವ ಕೆಲಸವೂ ಅವನ ಪಾಲಿಗೇ ಬಂದಿತ್ತು. ಹೇಳಿ ಹೇಳಿ ಅವನ ಕಂಠಕ್ಕೆ ಒಂದು ಸರ್ಕಾರಿ ಗತ್ತು ಬಂದುಬಿಟ್ಟಿತ್ತು. ಮನೆಯಲ್ಲಿ ಕೂತು "ಉಪ್ಪು ಕಡಿಮೆಯಾಗಿದೆ" ಅಂದರೆ ಪಕ್ಕದ ಮನೆಯವರು ತಮ್ಮ ಸಾರಿನ ರುಚಿ ನೋಡಿಕೊಳ್ಳುತ್ತಿದ್ದರು.

ಷಡ್ಡಕ ನಿಯೆ ಮೇಷ್ಟ್ರು, ಅಂದರೆ ಹೆಂಡತಿಯ ಅಕ್ಕನ ಗಂಡ, ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ನಿವೃತ್ತಿಯ ಲಾಭ ಶಾಲೆಗೆ ಸಿಕ್ಕಿತೇ ಹೊರತು ನೆಂಟರಿಗೆ ಸಿಗಲಿಲ್ಲ. ಊಟದ ಮೇಜಿನಲ್ಲಿ ಫಾಂಗ್ ಆಡಿದ ಮಾತಿನಲ್ಲಿ ತಪ್ಪು ಹುಡುಕುವುದು, ತಿದ್ದುವುದು, ತಿದ್ದಿದ್ದನ್ನು ಅವನ ಬಾಯಿಂದಲೇ ಇನ್ನೊಮ್ಮೆ ಹೇಳಿಸುವುದು ಅವರ ಕ್ರಮ. ಇಪ್ಪತ್ತೆಂಟು ವರ್ಷ ಫಾಂಗ್ ಇದನ್ನು ನುಂಗಿಕೊಂಡಿದ್ದ. ಇಪ್ಪತ್ತೊಂಬತ್ತನೆಯ ವರ್ಷ, ಅತ್ತೆಯ ಎಂಬತ್ತೆರಡನೆಯ ಹುಟ್ಟುಹಬ್ಬದ ದಿನ, ನುಂಗಲಾಗಲಿಲ್ಲ.

ಹುಟ್ಟುಹಬ್ಬದ ನೂಡಲ್ಸನ್ನು ಜಿಂಗ್‌ಯುನ್ ವಿಹಾರದ ಊಟದ ಮನೆಯಲ್ಲೇ ತಿನ್ನಬೇಕೆಂದು ಅತ್ತೆ ಹಟ ಹಿಡಿದಿದ್ದರು. ಹಾನ್ಯಾಂಗಿನ ಹಳೇ ಬಂದರಿನ ಓಣಿಯಲ್ಲಿ ಎಡಕ್ಕಿರುವುದು ಈ ವಿಹಾರ. ಬಲಕ್ಕಿರುವುದು ತಾವೋ ಪಂಥದವರ ಬಿಳಿಕೊಕ್ಕರೆ ಮಂದಿರ. ಮುನ್ನೂರು ವರ್ಷ ಮೀರಿ ಎದುರುಬದುರು ಕೂತಿದ್ದರೂ ಇಬ್ಬರ ನಡುವೆ ಒಂದು ಬಿರುಸು ಮಾತು ಬಂದದ್ದಿಲ್ಲ. ಓಣಿಯ ಜನ ಬುದ್ಧನಿಗೆ ಮೂರು ಊದುಬತ್ತಿ ಹಚ್ಚಿ, ಹೇಗೂ ದಾರಿಯಲ್ಲೇ ಇದ್ದಾರಲ್ಲ ಎಂದು ಎದುರುಗಡೆಯ ದೇವರುಗಳಿಗೂ ಮೂರು ಹಚ್ಚಿ, ತರಕಾರಿ ಕೊಳ್ಳಲು ಹೋಗುತ್ತಿದ್ದರು.

ಊಟಕ್ಕೆ ಇನ್ನೂ ಹೊತ್ತಿತ್ತು. ಅತ್ತೆ ಕೋಲು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಅವರ ಎರಡೂ ಮೊಣಕಾಲು ಸವೆದುಹೋಗಿ, ಬಲಗಾಲಿಗೆ ಶಸ್ತ್ರಚಿಕಿತ್ಸೆ ಮಾಡಲೇಬೇಕೆಂದು ಡಾಕ್ಟರು ಮುಂದಿನ ತಿಂಗಳ ಎರಡನೆಯ ಮಂಗಳವಾರ ಗೊತ್ತುಮಾಡಿದ್ದರು. ಫಾಂಗನ ಮೊಣಕಾಲೂ ಅವತ್ತು ಸ್ವಲ್ಪ ಹಿಡಿದುಕೊಂಡಿತ್ತು. ಅವನು ವಿಹಾರದ ಅಂಗಳದಲ್ಲಿ, ಗುಡಿಯ ಬಾಗಿಲ ಎಡಗಡೆಯ ಕಲ್ಲಿನ ಸಿಂಹಕ್ಕೆ ಒರಗಿ ನಿಂತಿದ್ದ. ಪಕ್ಕದಲ್ಲೊಂದು ಶಿಲಾಶಾಸನ. ನಿಯೆ ಮೇಷ್ಟ್ರು ಅದರ ಎದುರು ಕೈ ಹಿಂದೆ ಕಟ್ಟಿಕೊಂಡು ಪಾಠ ಶುರುಮಾಡಿದರು.

"ಇದು ಮುದ್ರಾಲಿಪಿ. ಎರಡು ಸಾವಿರ ವರ್ಷದ ಕಲ್ಲು. ಇದನ್ನ ಓದೋರು ಈಗ ಇಡೀ ವುಹಾನಲ್ಲಿ ನಾಲ್ಕು ಜನ ಇದ್ರೆ ಹೆಚ್ಚು. ನನಗೇ ಬರಲ್ಲ ಅಂದ್ಮೇಲೆ..." ಎಂದು ಮಾತು ಅರ್ಧಕ್ಕೆ ನಿಲ್ಲಿಸಿ, ಫಾಂಗನ ಕಡೆ ಒಂದು ನೋಟ ಎಸೆದರು.

ಮಾತು ಪೂರ್ತಿ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ಕೆಡಿಸಿದ್ದು ಆ ನೋಟ.

"ನನಗೆ ಬರುತ್ತೆ," ಅಂದ ಫಾಂಗ್.

ಹೆಂಡತಿ ಗುಯ್‌ಲಾನ್ ತಿರುಗಿ ನೋಡಿದಳು. "ಏನ್ರೀ ಬರುತ್ತೆ?"

"ಮುದ್ರಾಲಿಪಿ. ಲಾಂಚಲ್ಲಿ ಒಬ್ರು ಮುದುಕ್ರು ಬರ್ತಿದ್ರು. ದಿನಾ ನದಿ ದಾಟೋವಾಗ ಐದೈದು ಅಕ್ಷರ ಕಲಿಸಿದ್ರು."

"ಇಷ್ಟು ವರ್ಷದಲ್ಲಿ ನನಗೆ ಹೇಳೇ ಇಲ್ವಲ್ಲ."

"ನೀನು ಕೇಳಿದ್ದರೆ ತಾನೇ."

ನಿಯೆ ಮೇಷ್ಟ್ರು ಪಕ್ಕಕ್ಕೆ ಸರಿದು, ತರಗತಿಯಲ್ಲಿ ಹುಡುಗನನ್ನು ಕಪ್ಪುಹಲಗೆಗೆ ಕರೆಯುವಂತೆ ಕೈ ಚಾಚಿದರು. "ಓದಪ್ಪ ಹಾಗಾದ್ರೆ."

ಫಾಂಗ್ ಕಲ್ಲನ್ನು ನೋಡಿದ. ಕಲ್ಲಿನ ಮೇಲೆ ಹುಳಗಳು ಮೆರವಣಿಗೆ ಹೊರಟಂತೆ ಸುರುಳಿ ಸುರುಳಿ ಗೆರೆಗಳಿದ್ದವು. ಹಿಂದೆ ಹತ್ತು ಹನ್ನೆರಡು ಜನ ನಿಂತುಬಿಟ್ಟಿದ್ದರು. ಅವರಲ್ಲಿ ಅವನ ಕಟ್ಟಡದ ಮೂರನೇ ಮಹಡಿಯ ಗೆಂಗ್ ಚಿಕ್ಕಮ್ಮನೂ ಒಬ್ಬಳು. ಓಣಿಯ ನಿವಾಸಿ ಸಮಿತಿಗೆ ಅವಳೇ ಮುಖ್ಯಸ್ಥೆ. ಆ ಹೊತ್ತಿಗೆ ಫಾಂಗನ ಮನಸ್ಸಿನಲ್ಲಿದ್ದದ್ದು ಎರಡೇ ವಸ್ತು, ತನ್ನ ನೋಯುವ ಮೊಣಕಾಲು ಮತ್ತು ತಾನು ಒರಗಿದ್ದ ಸಿಂಹ. ಇದ್ದ ಸಾಮಾನಿನಲ್ಲೇ ಅಡುಗೆ ಮಾಡಿದ.

"ಈ ವಿಹಾರದ ಎಡಗಡೆಯ ಸಿಂಹದ ಮೊಣಕಾಲನ್ನು," ಎಂದು ಲಾಂಚಿನ ಕಂಠದಲ್ಲಿ ಶುರುಮಾಡಿದ, "ಬಲಗೈಯಿಂದ ಮೂರು ಸಲ ಸವರಿ, ಅದೇ ಕೈಯಿಂದ ತಮ್ಮ ಮೊಣಕಾಲು ಸವರಿಕೊಂಡವರಿಗೆ ನೋವು ನಿಲ್ಲತಕ್ಕದ್ದು."

ಆ 'ತಕ್ಕದ್ದು' ಎಲ್ಲ ಕೆಲಸ ಮಾಡಿತು. ಮನುಷ್ಯ ತನ್ನ ತಲೆಯಿಂದ ಹುಟ್ಟಿಸುವ ಮಾತಿನಲ್ಲಿ 'ತಕ್ಕದ್ದು' ಇರುವುದಿಲ್ಲ.

"ಸಿಂಹಕ್ಕೆ ಮೊಣಕಾಲು ಎಲ್ಲಿರುತ್ತಯ್ಯಾ?" ಅಂದರು ಮೇಷ್ಟ್ರು.

"ಬರೆದಿರೋದನ್ನ ಓದಿದೆ ಭಾವ. ಸಿಂಹ ಕೆತ್ತಿದೋನು ನಾನಲ್ಲ."

ಗೆಂಗ್ ಚಿಕ್ಕಮ್ಮ ಅಷ್ಟರಲ್ಲಿ ಸಿಂಹವನ್ನು ಸವರಿ, ತನ್ನ ಕಾಲು ಸವರಿಕೊಂಡು, ನಾಲ್ಕು ಹೆಜ್ಜೆ ಆ ಕಡೆ ನಾಲ್ಕು ಹೆಜ್ಜೆ ಈ ಕಡೆ ನಡೆದು ತೀರ್ಪು ಕೊಟ್ಟಳು. "ಹಗುರ ಆಯ್ತು ಕಣ್ರೀ. ಬುಡದಿಂದ ಹಗುರ ಆಯ್ತು." ಅವಳಿಗೆ ಮೊಣಕಾಲು ನೋವಿತ್ತೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ ಮೆಟ್ಟಿಲಿನಿಂದ ಅತ್ತೆ ಎದ್ದರು. ಮೂರು ಸಲ ಸವರಿದರು. ಕೋಲನ್ನು ದೊಡ್ಡ ಮಗಳ ಕೈಗೆ ಕೊಟ್ಟು, ಊಟದ ಮನೆಯವರೆಗೆ ಬರಿಗೈಯಲ್ಲಿ ನಡೆದುಹೋದರು.

ಗೆಂಗ್ ಚಿಕ್ಕಮ್ಮ ಅದನ್ನು ಫೋನಿನಲ್ಲಿ ಹಿಡಿದಳು. ನೂಡಲ್ಸ್ ಮೇಜಿಗೆ ಬರುವ ಮೊದಲೇ ಓಣಿಯವರ ಗ್ರೂಪಿನಲ್ಲಿ ಅತ್ತೆ ನಡೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಫಾಂಗ್ ಎಂದಿನಂತೆ ಎಳ್ಳಿನ ಗಸಿ ಕಲಸಿದ ಬಿಸಿ ನೂಡಲ್ಸ್ ತಿನ್ನಲು ಮೂಲೆಯ ಅಂಗಡಿಗೆ ಹೋದ. ಹಿಂದಿನ ದಿನದವರೆಗೆ "ಏಯ್ ಟಿಕೆಟ್ ಫಾಂಗ್, ಪಕ್ಕಕ್ಕೆ ಸರಿ" ಅನ್ನುತ್ತಿದ್ದ ಅಂಗಡಿಯವಳು ಸೌಟು ಕೆಳಗಿಟ್ಟು, "ಪಂಡಿತರೇ, ಕೂತ್ಕೊಳ್ಳಿ, ನಾನೇ ತಂದ್ಕೊಡ್ತೀನಿ" ಅಂದಳು. ಫಾಂಗ್ ಸುತ್ತ ನೋಡಿದ. ಪಂಡಿತರು ಬೇರೆ ಯಾರೂ ಇರಲಿಲ್ಲ. ಕೂತ.

ಮೊದಲ ದಿನ ಸಿಂಹದ ಮುಂದೆ ಸಾಲಿನಲ್ಲಿ ನಿಂತವರು ಅರವತ್ತು ಮಂದಿ. ಮೂರನೆಯ ದಿನ ಸಾಲು ಮೀನಿನಂಗಡಿ ದಾಟಿ ಬಸ್ ನಿಲ್ದಾಣ ಮುಟ್ಟಿತು. ನಾಲ್ಕನೆಯ ದಿನ ಲಾಂಚಿನಲ್ಲಿ ಇನ್ನೂ ಕೆಲಸದಲ್ಲಿದ್ದ ಹಳೆಯ ಗೆಳೆಯ ಫೋನ್ ಮಾಡಿದ. "ಫಾಂಗ್, ಏನ್ ಸಮಾಚಾರ ನಿಮ್ ಕಡೆ? ಬೆಳಿಗ್ಗೆಯಿಂದ ಲಾಂಚಲ್ಲಿ ಬರೀ ಕುಂಟೋರೇ ತುಂಬಿದಾರೆ."

ಐದನೆಯ ದಿನ ವಿಹಾರದ ಚಾಂಗ್‌ಮಿಂಗ್ ಗುರುಗಳು ಅವನನ್ನು ಚಹಾಕ್ಕೆ ಕರೆಸಿದರು. ಬಂದವರನ್ನು ಮಾತನಾಡಿಸಿ ಕಳಿಸುವ ಜವಾಬ್ದಾರಿ ಈ ಗುರುಗಳದು. ಸೌಮ್ಯ ಮನುಷ್ಯ, ಬೇಸರವಾದಾಗ ಇನ್ನಷ್ಟು ಸೌಮ್ಯವಾಗುತ್ತಿದ್ದರು. ಅವತ್ತು ವಿಪರೀತ ಸೌಮ್ಯವಾಗಿದ್ದರು.

"ಉಪಾಸಕರೇ, ಆ ಶಾಸನ ಓದೋಕೆ ನಮ್ಮಲ್ಲಿ ಯಾರಿಗೂ ಬರಲ್ಲ. ಓದ್ತಿದ್ದ ದೊಡ್ಡ ಗುರುಗಳು ಹೋಗಿ ನಲವತ್ತು ವರ್ಷ ಆಯ್ತು. ನೀವು ಓದಿದ್ದು ಕೇಳಿ ನಮಗೆಲ್ಲ ಸಂತೋಷ. ಆದ್ರೆ ಸಿಂಹದ ಕಾಲು ಕನ್ನಡಿ ಥರ ಆಗಿದೆ. ಇನ್ನೊಂದು ತಿಂಗಳಿಗೆ ಸಿಂಹ ಕುಂಟುತ್ತೆ ಅಂತ ಭಯ. ಅದರಲ್ಲಿ ಸವರೋದಕ್ಕೆ ಏನಾದ್ರೂ ಮಿತಿ ಬರೆದಿದೆಯಾ?"

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಕೋಣೆಯಲ್ಲಿ ಇಬ್ಬರೇ ಇದ್ದರು. ಆದರೆ ಗುರುಗಳು ಎರಡೂ ಕೈಯಿಂದ ಚಹಾದ ಬಟ್ಟಲು ಹಿಡಿದು ಅವನ ಮುಂದಿಟ್ಟರು. ಮೂವತ್ತೊಂದು ವರ್ಷದಲ್ಲಿ ಫಾಂಗನಿಗೆ ಯಾರೂ ಎರಡು ಕೈಯಿಂದ ಏನನ್ನೂ ಕೊಟ್ಟಿರಲಿಲ್ಲ. ಟಿಕೆಟನ್ನು ಸಹ ಜನ ಎರಡು ಬೆರಳಿನಲ್ಲಿ ಚಾಚುತ್ತಿದ್ದರು.

"ಅರ್ಧ ಮಾತ್ರ ಓದಿದೀನಿ ಗುರುಗಳೇ," ಅಂದ. "ಉಳಿದದ್ದಕ್ಕೆ ಬೆಳಕು ಸರಿಯಾಗಿ ಬೀಳಬೇಕು."

ಈ ಸುದ್ದಿ ಓಣಿ ದಾಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಓಣಿಯ ಅಗಲ ಒಂಬತ್ತು ಹೆಜ್ಜೆ. ಮರುದಿನ ಮಧ್ಯಾಹ್ನ ಬಿಳಿಕೊಕ್ಕರೆ ಮಂದಿರದ ಲುವೊ ಗುರುಮಾತೆ ಫಾಂಗನ ಮನೆಗೇ ಬಂದರು. ಅರವತ್ತರ ಸಂನ್ಯಾಸಿನಿ, ನೆತ್ತಿಯ ಮೇಲೆ ಗಂಟು ಕಟ್ಟಿ ಮರದ ಕಡ್ಡಿ ಸಿಕ್ಕಿಸಿದ ಕೂದಲು, ಕೈಯಲ್ಲಿ ಎಳ್ಳುಂಡೆಯ ಡಬ್ಬಿ. ಕೂತವರು ನೇರ ವಿಷಯಕ್ಕೆ ಬಂದರು.

"ಪಂಡಿತರೇ, ನಮ್ಮಂಗಳದಲ್ಲೂ ಒಂದು ಕಬ್ಬಿಣದ ಗಂಟೆ ಇದೆ. ಅದರ ಮೈಮೇಲೂ ಅಕ್ಷರ ಇದೆ. ಎದುರು ಮನೆಯೋರಿಗೆ ಮಾತ್ರ ಓದಿಕೊಟ್ರೆ ಹೇಗೆ? ಮೊಣಕಾಲು ಅವರಿಗೆ ಹೋಯ್ತು, ಹೋಗ್ಲಿ. ಭುಜ ಖಾಲಿ ಇದೆ. ಸೊಂಟ ಖಾಲಿ ಇದೆ."

"ಗುರುಮಾತೆ, ಇರೋದನ್ನ ತಾನೇ ನಾನು ಓದಬೇಕು."

"ನಾನೇನು ಇಲ್ಲದ್ದನ್ನ ಓದಿ ಅಂದ್ನಾ? ಇರೋದ್ರಲ್ಲಿ ಒಳ್ಳೇದು ನೋಡಿ ಓದಿ."

ಬೌದ್ಧರಿಗೊಂದು ತಾವೋದವರಿಗೊಂದು ಎಂದು ಭೇದ ಮಾಡುವ ಮನುಷ್ಯ ಫಾಂಗ್ ಅಲ್ಲ. ಹೋಗಿ, ಬಾರಿಸಲೆಂದು ಪಕ್ಕದಲ್ಲಿ ಅಡ್ಡಲಾಗಿ ಮರದ ಕಂಬ ತೂಗುಹಾಕಿದ್ದ ಆ ಗಂಟೆಯ ಸುತ್ತ ಮೂರು ಸಲ ತಿರುಗಿದ. ಕಾಯಿಲೆಗಳ ಸಹವಾಸ ಬೇಡ ಎಂಬ ವಿವೇಕ ಅಷ್ಟರಲ್ಲಿ ಬಂದಿತ್ತು. ಯಾರಿಗೂ ತೊಂದರೆಯಾಗದಂಥದ್ದನ್ನು ಯೋಚಿಸಿ, ಗಂಟಲು ಸರಿಮಾಡಿಕೊಂಡು ಓದಿದ: "ಅತ್ತೆ ಸೊಸೆಯರು ಒಂದೇ ಕಂಬವನ್ನು ಒಟ್ಟಿಗೆ ಹಿಡಿದು ಈ ಗಂಟೆಯನ್ನು ಬಾರಿಸಿದಲ್ಲಿ, ಒಂದು ವರ್ಷ ಅವರ ನಡುವೆ ಜಗಳ ಬಾರತಕ್ಕದ್ದಲ್ಲ."

ಭಾನುವಾರದ ಹೊತ್ತಿಗೆ ಮಂದಿರದಲ್ಲಿ ಅತ್ತೆ ಸೊಸೆಯರ ನೂರಿಪ್ಪತ್ತು ಜೋಡಿ ನಿಂತಿತ್ತು. ಎಲ್ಲರೂ ಸೌಹಾರ್ದದಿಂದಲೇ ಬಂದಿದ್ದರು. ಕಂಬದ ಮುಂದಿನ ತುದಿ ಯಾರು ಹಿಡಿಯಬೇಕೆಂಬ ಪ್ರಶ್ನೆ ಎದ್ದದ್ದು ಆಮೇಲೆ.

"ನೀನು ಮೆತ್ತಗೆ ತಳ್ಳಿದೆ, ಅದಕ್ಕೇ ಶಬ್ದ ಬರಲಿಲ್ಲ. ನಿಂಗೆ ಜಗಳ ನಿಲ್ಲೋದು ಬೇಡ."

"ನಾನು ತಳ್ಳೋವಾಗ ನೀವು ಹಿಂದಕ್ಕೆ ಎಳೀತಿದ್ರಿ ಅತ್ತೆ. ಇಡೀ ಸಾಲು ನೋಡಿದೆ."

ಒಂದು ಜೋಡಿ ಬಾರಿಸಿದ್ದು ಸರಿಯಾಗಲಿಲ್ಲವೆಂದು ಏಳು ಸಲ ಬಾರಿಸಿತು. ಇನ್ನೊಬ್ಬ ಅತ್ತೆ, ಇಬ್ಬರು ಸೊಸೆಯರಲ್ಲಿ ಯಾರೊಡನೆ ಮೊದಲು ಬಾರಿಸಬೇಕೆಂದು ತಿಳಿಯದೆ ಮಗನಿಗೆ ಫೋನ್ ಮಾಡಿದಳು. ಮಗ ಫೋನ್ ಆರಿಸಿದ. ಬೆಳಗಿನಿಂದ ಸಂಜೆಯವರೆಗೆ ಗಂಟೆ ಢಣ್ ಢಣ್ ಎನ್ನುತ್ತಲೇ ಇತ್ತು, ಎದುರು ವಿಹಾರದಲ್ಲಿ ಧ್ಯಾನಕ್ಕೆ ಕೂತ ನಲವತ್ತು ಭಿಕ್ಷುಗಳು ಪ್ರತಿ ಢಣ್ಣಿಗೂ ಒಂದೊಂದು ಅಂಗುಲ ಮೇಲೆದ್ದು ಕೂರುತ್ತಿದ್ದರು.

ಚಾಂಗ್‌ಮಿಂಗ್ ಗುರುಗಳು ಓಣಿ ದಾಟಿ ಹೋಗಿ ಅತ್ಯಂತ ಸೌಮ್ಯವಾಗಿ ಕೇಳಿದರು: "ಗಂಟೆಗೆ ಸ್ವಲ್ಪ ವಿಶ್ರಾಂತಿ ಕೊಡಬಹುದಾ?"

"ಸಿಂಹಕ್ಕೆ ಕೊಟ್ಟಿದೀರಾ?" ಅಂದರು ಲುವೊ ಗುರುಮಾತೆ. "ನಿಮ್ಮ ಸಾಲು ನಮ್ಮ ಬಾಗಿಲು ಮುಚ್ಚಿ ಎಂಟು ದಿನ ಆಯ್ತು. ನಾನೇನಾದ್ರೂ ಅಂದ್ನಾ?"

ಮುನ್ನೂರು ವರ್ಷದ ನೆರೆಹೊರೆ ಹೀಗೆ ಒಂದು ವಾರದಲ್ಲಿ ಕೆಟ್ಟಿತು. ಮರುದಿನದಿಂದ ಓಣಿಯ ಜನ ಒಂದು ಕಡೆ ಊದುಬತ್ತಿ ಹಚ್ಚಿ ಇನ್ನೊಂದು ಕಡೆ ಹೋಗುವಾಗ ಆಚೀಚೆ ನೋಡಿಕೊಂಡು ಹೋಗುವ ಹಾಗಾಯಿತು.

ಇಷ್ಟಾದರೂ ಫಾಂಗನ ಧೈರ್ಯ ಕುಂದಿರಲಿಲ್ಲ. ಜನಕ್ಕೆ ಒಂದಿಷ್ಟು ನಡಿಗೆ ಸಿಕ್ಕಿತು, ಗಂಟೆಯ ತುಕ್ಕು ಉದುರಿತು ಎಂದು ಅವನು ಲಾಭದ ಕಡೆಯೇ ನೋಡುತ್ತಿದ್ದ. ಹತ್ತನೆಯ ದಿನ ಸಂಜೆ ಗುಯ್‌ಲಾನ್ ಬಂದು ಅವನ ಎದುರು ಕೂತಾಗ ಮಾತ್ರ ಅವಳ ಮುಖ ನೋಡಿ ಚಹಾ ಕೆಳಗಿಟ್ಟ.

"ಅಮ್ಮ ಆಪರೇಷನ್ ಬೇಡ ಅಂದ್ರು. ಸಿಂಹ ವಾಸಿ ಮಾಡ್ತು, ಇನ್ಯಾಕೆ ಕತ್ತರಿಸ್ಕೋಬೇಕು ಅಂತಾರೆ. ಆಸ್ಪತ್ರೆಗೆ ಫೋನ್ ಮಾಡಿ ದಿನ ರದ್ದು ಮಾಡು ಅಂತ ನನಗೆ ಹೇಳಿದಾರೆ."

"ವಾಸಿ ಆಗಿದ್ರೆ ಒಳ್ಳೇದೇ ಅಲ್ವಾ?"

"ಏನ್ರೀ ವಾಸಿ? ನಿನ್ನೆ ಮೆಟ್ಟಿಲು ಇಳಿಯೋವಾಗ ಹಿಂದಿನಿಂದ ನೋಡ್ದೆ. ಗೋಡೆ ಹಿಡ್ಕೊಂಡು ಒಂದೊಂದು ಮೆಟ್ಟಿಲಿಗೂ ನಿಲ್ತಿದ್ರು. ನಾನು ಕೂಗಿದ ತಕ್ಷಣ ಕೈ ತೆಗೆದು ನೆಟ್ಟಗೆ ನಡೆದ್ರು." ಗುಯ್‌ಲಾನ್ ಅವನ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೇಳಿದಳು. "ನಿಮಗೆ ಆ ಲಿಪಿ ಬರುತ್ತಾ?"

"ಇಲ್ಲ," ಅಂದ ಫಾಂಗ್. ಅವನ ಕಂಠದಲ್ಲಿ ಮೊದಲ ಬಾರಿಗೆ ಸರ್ಕಾರ ಇರಲಿಲ್ಲ.

"ಗೊತ್ತಿತ್ತು. ಔಷಧಿ ಚೀಟಿ ಓದೋಕೇ ನನ್ನ ಕರೀತೀರಿ. ಆ ದಿನ ಭಾವನ ಬಾಯಿ ಮುಚ್ಚಿಸಿದ್ರಿ ಅಂತ ನನಗೂ ಖುಷಿ ಆಯ್ತು, ಸುಮ್ಮನಿದ್ದೆ. ಈಗ ಹೋಗಿ ಅಮ್ಮಂಗೆ ಹೇಳಿ."

ಫಾಂಗ್ ಆಗಲೇ ಹೋದ. ಅತ್ತೆ ಕಿಟಕಿಯ ಪಕ್ಕ ಕೂತು ಕಮಲದ ಬೇರು ಹೆರೆಯುತ್ತಿದ್ದರು.

"ಅತ್ತೆ, ಆ ಕಲ್ಲಲ್ಲಿ ಏನು ಬರೆದಿದೆಯೋ ನನಗೆ ಗೊತ್ತಿಲ್ಲ. ನಾನು ಓದಿದ್ದು ಕಟ್ಟುಕಥೆ."

"ದೊಡ್ಡೋರು ಹೀಗೇ ಅನ್ನೋದು," ಅಂದರು ಅತ್ತೆ, ತಲೆಯೆತ್ತದೆ.

"ನಿಜವಾಗ್ಲೂ ಸುಳ್ಳು ಅತ್ತೆ."

"ನಿಜವೋ ಸುಳ್ಳೋ ಒಂದು ಹೇಳು. ಎರಡೂ ಹೇಳಿದ್ರೆ ನನಗೆ ವಯಸ್ಸಾಗಿದೆ, ಅರ್ಥ ಆಗಲ್ಲ." ಹೆರೆದ ಬೇರಿನ ಬುಟ್ಟಿಯನ್ನು ಅವನ ಕೈಗಿತ್ತರು. "ಇದನ್ನ ಗುಯ್‌ಲಾನ್‌ಗೆ ಕೊಡು, ಸಾರಿಗೆ ಹಾಕ್ಲಿ."

ಈ ನಡುವೆ ನಿಯೆ ಮೇಷ್ಟ್ರು ಸುಮ್ಮನೆ ಕೂತಿರಲಿಲ್ಲ. ನದಿಯಾಚೆಯ ವಿಶ್ವವಿದ್ಯಾಲಯದಲ್ಲಿ ಹಳೆಯ ಲಿಪಿಗಳನ್ನು ಕಲಿಸುವ ಷೆನ್ ಎಂಬ ವಿದ್ವಾಂಸೆಯನ್ನು ಹುಡುಕಿ, ಶನಿವಾರ ಹತ್ತು ಗಂಟೆಗೆ ಬಂದು ಶಾಸನ ಓದಲು ಒಪ್ಪಿಸಿದ್ದರು. ಇದು ಷಡ್ಡಕನ ಮಾನ ತೆಗೆಯುವ ಸಮಾರಂಭ ಎಂದು ಅವರ ಮನಸ್ಸಿನಲ್ಲಿತ್ತು. ಇದು ಫಾಂಗ್ ಪಂಡಿತರ ಸನ್ಮಾನ ಎಂದು ಗೆಂಗ್ ಚಿಕ್ಕಮ್ಮನ ಮನಸ್ಸಿನಲ್ಲಿತ್ತು. ಹೀಗಾಗಿ ಏರ್ಪಾಡು ಬಹಳ ಚೆನ್ನಾಗಿ ಆಯಿತು. ನಿವಾಸಿ ಸಮಿತಿಯ ಎಂಬತ್ತು ಕುರ್ಚಿ ಬಂದವು, ಮೈಕು ಬಂತು, ಮುಂದಿನ ಸಾಲಿಗೆ ಕೆಂಪು ದಿಂಬು ಬಂದವು. ಎಡಕ್ಕೆ ಚಾಂಗ್‌ಮಿಂಗ್ ಗುರುಗಳು ಕೂತರು, ಬಲಕ್ಕೆ ಲುವೊ ಗುರುಮಾತೆ ಕೂತರು; ನಡುವೆ ನಾಲ್ಕು ಕುರ್ಚಿ ಖಾಲಿ ಬಿಟ್ಟರು. ಮುಂದಿನ ಸಾಲಿನ ತುದಿಯಲ್ಲಿ ಅತ್ತೆ, ಕೋಲಿಲ್ಲದೆ.

ಷೆನ್ ಮೇಡಂ ಚಿಕ್ಕ ಗಾತ್ರದ ಹೆಂಗಸು. ಕೈಚೀಲದಿಂದ ಒಂದು ಬ್ರಷ್ಷು, ಒಂದು ಟಾರ್ಚು ತೆಗೆದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವರು ಧೂಳು ಒರೆಸುತ್ತಿರುವಾಗಲೇ ಫಾಂಗ್ ಎದ್ದು ಹೋಗಿ ಮೈಕು ಹಿಡಿದುಕೊಂಡ. ಮೈಕು ಕೈಗೆ ಬಂದ ಕೂಡಲೇ ಬಾಯಿಗೆ ಹಳೆಯ ಅಭ್ಯಾಸ ಬಂತು.

"ಪ್ರಯಾಣಿಕರ ಗಮನಕ್ಕೆ," ಅಂದ.

ಎಂಬತ್ತು ಕುರ್ಚಿಯವರೂ ನೆಟ್ಟಗೆ ಕೂತರು.

"ಈ ಲಿಪಿ ನನಗೆ ಬರಲ್ಲ. ಲಾಂಚಲ್ಲಿ ಯಾವ ಮುದುಕ್ರೂ ಇರಲಿಲ್ಲ. ನಮ್ಮ ಭಾವನ ಮುಂದೆ ಜಂಬ ಕೊಚ್ಚಿಕೊಳ್ಳೋಕೆ ಬಾಯಿಗೆ ಬಂದದ್ದು ಹೇಳ್ದೆ. ಗಂಟೆ ಮೇಲಿರೋದೂ ನನಗೆ ಗೊತ್ತಿಲ್ಲ. ಕಾಲು ನೋಯೋರು ದಯವಿಟ್ಟು ಡಾಕ್ಟರ ಹತ್ರ ಹೋಗಿ. ಗುರುಗಳು, ಗುರುಮಾತೆ, ಇಬ್ಬರ ಕ್ಷಮೆ ಕೇಳ್ತೀನಿ. ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಅತ್ತೆ ಕ್ಷಮೆ ಕೇಳ್ತೀನಿ."

ಗೆಂಗ್ ಚಿಕ್ಕಮ್ಮ ಚಪ್ಪಾಳೆ ಶುರುಮಾಡಿದಳು. "ನೋಡಿ, ನೋಡಿ, ಎಂಥಾ ವಿನಯ. ಅರೆಬರೆ ಕಲಿತೋರ ಬಾಯಲ್ಲಿ ಈ ಮಾತು ಬರುತ್ತಾ?" ಇಡೀ ಅಂಗಳ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ನಿಯೆ ಮೇಷ್ಟ್ರು ಎರಡೂ ಕೈ ಎತ್ತಿ, "ಅವನು ನಿಜಾನೇ ಹೇಳ್ತಿದಾನೆ, ನಂಬ್ರೀ" ಎಂದು ಬೇಡಿಕೊಂಡರು. ಹೊಟ್ಟೆಕಿಚ್ಚಿನ ಮನುಷ್ಯ ಎಂದು ಪಕ್ಕದವರು ಕುರ್ಚಿ ಆಚೆ ಎಳೆದುಕೊಂಡರು.

ಷೆನ್ ಮೇಡಂ ಎದ್ದು ಮಂಡಿಯ ಧೂಳು ಕೊಡವಿಕೊಂಡರು. "ಓದ್ಲಾ? ಮೊದಲನೇದಾಗಿ ಮೇಷ್ಟ್ರೇ, ಇದು ಎರಡು ಸಾವಿರ ವರ್ಷದ್ದಲ್ಲ. ಅಕ್ಷರದ ಶೈಲಿ ಹಳೇದು, ಕಲ್ಲಿಗೆ ಇನ್ನೂರೆಂಬತ್ತು ವರ್ಷ. ಇನ್ನೊಂದ್ಸಲ ಹೇಳಿ, ಎಷ್ಟು?"

"ಇನ್ನೂರೆಂಬತ್ತು," ಅಂದರು ನಿಯೆ ಮೇಷ್ಟ್ರು, ಬಹಳ ಸಣ್ಣ ದನಿಯಲ್ಲಿ.

ಮೇಡಂ ಟಾರ್ಚು ಹಿಡಿದು ಬೆರಳಿಟ್ಟು ಓದಿದರು: "ಈ ಸಿಂಹಗಳ ಮೇಲೆ ಹಾಸಿಗೆ, ಹೊದಿಕೆ, ಒದ್ದೆ ಬಟ್ಟೆಗಳನ್ನು ಒಣಹಾಕಕೂಡದು. ಹೊಸ್ತಿಲ ಮೇಲೆ ಕೂತು ಮೀನು ಹೆರೆಯಕೂಡದು. ತಪ್ಪಿದವರು ಒಂದು ತಿಂಗಳು ಎರಡೂ ಗುಡಿಗಳ ಅಂಗಳ ಗುಡಿಸತಕ್ಕದ್ದು. ಜಿಂಗ್‌ಯುನ್ ವಿಹಾರದವರೂ ಬಿಳಿಕೊಕ್ಕರೆ ಮಂದಿರದವರೂ ಒಟ್ಟಿಗೆ ಕೂತು ಹೇಳಿ ಬರೆಸಿದ್ದು."

ಎಲ್ಲರ ಕಣ್ಣೂ ಒಟ್ಟಿಗೆ ಬಲಗಡೆಯ ಸಿಂಹದ ಕಡೆ ತಿರುಗಿತು. ಎಡಗಡೆಯದಕ್ಕೆ ಜನ ಮುತ್ತಿದ್ದರಿಂದ ಬಲಗಡೆಯದು ಬಿಡುವಾಗಿತ್ತು. ಅದರ ತಲೆಯಿಂದ ಬಾಲದವರೆಗೆ, ಹಸಿರು ಮೈಯಲ್ಲಿ ಕೆಂಪು ಹೂಗಳಿದ್ದ ಒಂದು ಹತ್ತಿಯ ರಜಾಯಿ ಬಿಸಿಲು ಕಾಯುತ್ತಿತ್ತು.

"ಓದೋದ್ರಲ್ಲಿ ಯಾರಿಗಾದ್ರೂ ತಪ್ಪಾಗಬಹುದು," ಅಂದಳು ಗೆಂಗ್ ಚಿಕ್ಕಮ್ಮ, ಎದ್ದು ರಜಾಯಿ ಎಳೆದುಕೊಳ್ಳುತ್ತ.

ಮೇಡಂ ಅಲ್ಲಿಂದಲೇ ಓಣಿ ದಾಟಿ ಗಂಟೆಯನ್ನೂ ನೋಡಿ ಬಂದರು. ಅದರ ಮೇಲಿದ್ದದ್ದು ನಲವತ್ತೊಂದು ಹೆಂಗಸರ ಹೆಸರು. ಮನೆಯ ಒಡಕು ಬಾಣಲೆಗಳನ್ನು ಕೊಟ್ಟು ಗಂಟೆ ಎರಕ ಹೊಯ್ಯಿಸಿದವರು.

"ನಲವತ್ತೊಂದು ಹೆಂಗಸರು ಸೇರಿ ಒಂದೇ ಗಂಟೆ ಮಾಡಿಸಿದಾರೆ," ಅಂದರು ಲುವೊ ಗುರುಮಾತೆ, ಯಾರನ್ನೂ ನೋಡದೆ. "ನಾವಿಬ್ಬರು ಒಂದು ಓಣಿ ಹಂಚಿಕೊಳ್ಳೋಕಾಗದೆ ಕೂತಿದೀವಿ."

ಚಾಂಗ್‌ಮಿಂಗ್ ಗುರುಗಳು ಎದ್ದು ಬಂದು ಮೂರು ಕುರ್ಚಿ ಈ ಕಡೆ ಕೂತರು. ಗುರುಮಾತೆ ಒಂದು ಕುರ್ಚಿ ಆ ಕಡೆ ಸರಿದರು. ಅಲ್ಲಿಗೆ ನಡುವಿನ ನಾಲ್ಕೂ ಮುಗಿಯಿತು. "ಶಾಸನ ಇನ್ನೂ ರದ್ದಾಗಿಲ್ಲ ಅಲ್ವಾ ಗುರುಗಳೇ?" ಎಂದು ಗುರುಮಾತೆ ಕೇಳಿದರು. "ಕಲ್ಲಿನಲ್ಲಿರೋದು ರದ್ದಾಗೋದು ಹೇಗೆ?" ಅಂದರು ಗುರುಗಳು ಸೌಮ್ಯವಾಗಿ. ರಜಾಯಿ ಹಾಕಿದವಳಿಗೆ ಒಂದು ಪೊರಕೆ, ಸುಳ್ಳು ಓದಿದವನಿಗೆ ಒಂದು ಪೊರಕೆ ಎಂದು ಅಲ್ಲೇ ತೀರ್ಮಾನವಾಯಿತು.

ಫಾಂಗನಿಗೆ ಇದಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಅವನು ಅತ್ತೆಯ ಕುರ್ಚಿಯ ಮುಂದೆ ಮೊಣಕಾಲೂರಿ ಕೂತಿದ್ದ.

"ನನಗೆ ಮೊದಲೇ ಗೊತ್ತಿತ್ತು ಮೌಲಿನ್," ಅಂದರು ಅತ್ತೆ.

"ಗೊತ್ತಿತ್ತಾ?"

"ಕಲ್ಲಿನ ಎಡತುದಿಯಿಂದ ಬಲಕ್ಕೆ ಕಣ್ಣಾಡಿಸಿದೆ ನೀನು. ಹಳೇ ಬರಹನ ಬಲದಿಂದ ಓದ್ಬೇಕು ಅಂತ ಅಕ್ಷರ ಬಾರದ ನನಗೂ ಗೊತ್ತು." ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಆದ್ರೂ ಸವರಿದೆ. ಕತ್ತರಿ ಅಂದ್ರೆ ನನಗೆ ಭಯ ಕಣೋ. ಎರಡು ವರ್ಷದಿಂದ ದಿನಾ ಒಬ್ಬರಲ್ಲ ಒಬ್ಬರು ಆಸ್ಪತ್ರೆ, ಆಸ್ಪತ್ರೆ ಅಂತಿದ್ರು. ನೀನು ಓದಿದ್ಮೇಲೆ ಹದಿಮೂರು ದಿನ ಯಾರೂ ಆ ಹೆಸರೆತ್ತಲಿಲ್ಲ. ಸುಖವಾಗಿತ್ತು."

"ಕಾಲು?"

"ಪ್ರಾಣ ಹೋಗೋ ಹಾಗೆ ನೋಯ್ತಿದೆ."

ಫಾಂಗ್ ತಲೆ ತಗ್ಗಿಸಿದ. ಅತ್ತೆ ಅವನ ಗಲ್ಲ ಹಿಡಿದು ಮೇಲೆತ್ತಿದರು.

"ಇಷ್ಟು ಜನರ ಮುಂದೆ ಸುಳ್ಳು ಅಂತ ಒಪ್ಪಿಕೊಂಡ್ಯಲ್ಲ, ಹೆದರಿಕೆ ಆಗಲಿಲ್ವಾ?"

"ಆಯ್ತು ಅತ್ತೆ. ಈಗಲೂ ಕಾಲು ನಡುಗ್ತಿದೆ."

"ನಡುಗ್ತಾ ನಡುಗ್ತಾನೇ ಹೋದೆ ಅಲ್ವಾ. ಹಾಗಾದ್ರೆ ನಾನೂ ಹೋಗ್ತೀನಿ." ಗುಯ್‌ಲಾನ್ ಕಡೆ ತಿರುಗಿದರು. "ಆ ಮಂಗಳವಾರ ರದ್ದಾಯ್ತಾ?"

"ಇಲ್ಲಮ್ಮ. ಮಾಡ್ತೀನಿ ಅಂದಿದ್ದೆ, ಫೋನ್ ಮಾಡಲೇ ಇಲ್ಲ."

"ನಿಮ್ಮನೇಲಿ ಸುಳ್ಳು ಹೇಳೋರು ಒಬ್ಬರೇ ಅಲ್ಲ ಅನ್ನು. ಇವತ್ತೇ ನನ್ನ ಸೇರಿಸಿಬಿಡಿ. ಮನೆಗೆ ಹೋದ್ರೆ ಮನಸ್ಸು ಬದಲಾಯಿಸ್ತೀನಿ. ಎದ್ದು ನಿಲ್ಲೋಕೆ ಮಾತ್ರ ನನ್ನ ಕೈಲಿ ಆಗಲ್ಲ."

ಫಾಂಗ್ ಕುರ್ಚಿಯ ಒಂದು ಬದಿ ಹಿಡಿದ. ಇನ್ನೊಂದು ಬದಿಗೆ ಯಾರನ್ನು ಕರೆಯುವುದೆಂದು ನೋಡುವಷ್ಟರಲ್ಲಿ ನಿಯೆ ಮೇಷ್ಟ್ರು ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು ಬಂದು ನಿಂತಿದ್ದರು. ಇಬ್ಬರೂ ಒಟ್ಟಿಗೆ ಎತ್ತಿದರು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ವಿಹಾರದ ಹೊಸ್ತಿಲು ಮೊಳದೆತ್ತರ. ಅಲ್ಲಿ ಮೆರವಣಿಗೆ ನಿಂತಿತು.

"ಎಡಗಾಲು ಮೊದಲು," ಅಂದರು ಮೇಷ್ಟ್ರು.

"ಹೊರಗೆ ಹೋಗೋವಾಗ ಬಲಗಾಲು ಭಾವ."

"ನಿನಗೆ ಯಾರು ಹೇಳಿದ್ದು? ಎಲ್ಲಿ ಬರೆದಿದೆ?"

"ನನ್ನ ಕೆಳಗೆ ಬೀಳಿಸದ ಹಾಗೆ ಯಾವ ಕಾಲಾದ್ರೂ ಇಡ್ರಪ್ಪಾ," ಅಂದರು ಅತ್ತೆ ಮೇಲಿನಿಂದ.

ದಾಟಿದರು. ಓಣಿಯ ತುದಿಯಲ್ಲಿ ಟ್ಯಾಕ್ಸಿ ನಿಂತಿತ್ತು. ಅತ್ತೆಯನ್ನು ಒಳಗೆ ಕೂರಿಸುವಷ್ಟರಲ್ಲಿ ಬಗಲಲ್ಲಿ ರಜಾಯಿ ಹಿಡಿದ ಗೆಂಗ್ ಚಿಕ್ಕಮ್ಮ ಏದುಸಿರು ಬಿಡುತ್ತ ಓಡಿಬಂದಳು. "ಫಾಂಗ್, ಅದು ಸಮಿತಿ ಕುರ್ಚಿ. ಲೆಕ್ಕಕ್ಕೆ ಎಂಬತ್ತು ಇರಬೇಕು." ಪಂಡಿತ ಎಂಬ ಪದವಿ ಅಷ್ಟರಲ್ಲಿ ಹೋಗಿತ್ತು.

"ಕೊಟ್ಟುಬಿಡು ಮೌಲಿನ್," ಅಂದರು ಅತ್ತೆ ಕಿಟಕಿಯಿಂದ. "ಬರೋವಾಗ ನಾನು ನಡ್ಕೊಂಡೇ ಬರ್ತೀನಿ."

ಬಂದರು ಕೂಡ. ಶಸ್ತ್ರಚಿಕಿತ್ಸೆ ಆದ ಏಳನೆಯ ವಾರ, ಒಂದು ಕೈಯಲ್ಲಿ ಕೋಲು ಹಿಡಿದು, ಬಸ್ ನಿಲ್ದಾಣದಿಂದ ವಿಹಾರದ ಊಟದ ಮನೆಯವರೆಗೆ, ಇಬ್ಬರು ಅಳಿಯಂದಿರನ್ನೂ ಹತ್ತು ಹೆಜ್ಜೆ ಹಿಂದೆ ಬಿಟ್ಟುಕೊಂಡು.